ಹೀಬ್ರೂವಿನ ‘ಶೂಬ್’, ಗೋಕಾಕ ಸೀಮೆಯ ‘ಹೊಳ್ಳಿ’: ಒಂದು ಕ್ರಿಯಾಪದದ ಚರಿತ್ರೆ

ಚರಿತ್ರೆಯ ಆಧಾರಗಳೆಂದರೆ ಶಾಸನ, ನಾಣ್ಯ, ಕಡತ, ಕಟ್ಟಡಗಳೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಶಬ್ದವೂ ಒಂದು ಆಧಾರವೆಂಬುದನ್ನು ಎಲ್ಲರೂ ಒಪ್ಪುವರಾದರೂ ಆ ಮಾತು ಬಂದಾಗ ನಮ್ಮ ಲಕ್ಷ್ಯವು ಹರಿಯುವುದು ನಾಮಪದಗಳ ಕಡೆಗೆ: ಊರಿನ ಹೆಸರು, ಅಧಿಕಾರಿಯ ಬಿರುದು, ತೆರಿಗೆಯ ಹೆಸರು, ಅಳತೆಯ ಹೆಸರು. ಕ್ರಿಯಾಪದವನ್ನು ವೈಯಾಕರಣರ ಪಾಲಿಗೆ ಬಿಟ್ಟುಬಿಡುವುದು ರೂಢಿ. ಆದರೆ ಒಂದು ಜನಾಂಗವು ಯಾವ ವಸ್ತುಗಳ ನಡುವೆ ಬಾಳಿತು ಎಂಬುದನ್ನು ನಾಮಪದಗಳು ಹೇಳಿದರೆ, ಆ ವಸ್ತುಗಳ ಸಂಗಡ ಅದು ಏನು ಮಾಡಿತು, ಏನು ಮಾಡಬೇಕೆಂದು ಬಯಸಿತು ಎಂಬುದನ್ನು ಕ್ರಿಯಾಪದಗಳು ಹೇಳುತ್ತವೆ.

ಪ್ರಸ್ತುತ ಲೇಖನದಲ್ಲಿ ಅಂತಹ ಒಂದು ಕ್ರಿಯಾಪದವನ್ನು ಪರಿಶೀಲಿಸಲಾಗಿದೆ. ಅದು ಹೀಬ್ರೂ ಬೈಬಲಿನ ‘ಶೂಬ್’. ಮರಳು, ಹಿಂದಿರುಗು ಎಂಬುದು ಅದರ ಮೂಲಾರ್ಥ. ಅದರ ಅರ್ಥವಿಸ್ತಾರವನ್ನು ಕನ್ನಡದ ಮಗುೞ್, ಮರಳ್, ತಿರುಗು, ಹೊರಳು ಎಂಬ ಕ್ರಿಯಾಪದಗಳೊಡನೆ, ಅದರಲ್ಲಿಯೂ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಆಡುಮಾತಿನಲ್ಲಿ ಬಳಕೆಯಲ್ಲಿರುವ ‘ಹೊಳ್ಳಿ’ ಎಂಬ ರೂಪದೊಡನೆ ಹೋಲಿಸಿ ನೋಡುವುದು ಇಲ್ಲಿಯ ಉದ್ದೇಶ. ಶೂಬ್ ಎಂಬುದು ಮೊದಲಿಗೆ ದಾರಿಯ ಮಾತು. ಬಾವಿ, ದನ, ಹೊಲ, ಮನೆಗಳ ಮಾತು. ಮನಸ್ಸಿನ ಮಾತಾದುದು ಅದರ ಮೇಲೆ ಕಟ್ಟಿದ ಅಂತಸ್ತು. ಈ ಕ್ರಮವನ್ನು ತಿರುವುಮುರುವು ಮಾಡಿದಾಗ ‘ಹಿಂದಿರುಗಿಸು’ ಎಂಬ ಆಜ್ಞೆಯು ‘ದುಃಖಪಡು’ ಎಂಬ ಆಜ್ಞೆಯಾಗಿ ಮಾರ್ಪಡುತ್ತದೆಂಬುದನ್ನು ತೋರಿಸಲು ಇಲ್ಲಿ ಯತ್ನಿಸಲಾಗಿದೆ.

ಆರಂಭದಲ್ಲಿಯೇ ಒಂದು ಎಚ್ಚರಿಕೆಯ ಮಾತು ಅವಶ್ಯ. ಹೀಬ್ರೂ ಸೆಮೆಟಿಕ್ ವರ್ಗದ ಭಾಷೆ, ಕನ್ನಡ ದ್ರಾವಿಡ ವರ್ಗದ ಭಾಷೆ. ಇವೆರಡರ ನಡುವೆ ರಕ್ತಸಂಬಂಧವನ್ನು ಕಲ್ಪಿಸುವುದು ಸಲ್ಲದು. ಸೊಲೊಮೋನನ ಹಡಗುಗಳು ತಂದ ಸರಕುಗಳ ಪಟ್ಟಿಯಲ್ಲಿ ನವಿಲುಗಳಿಗೆ ಬಂದಿರುವ ‘ತುಕ್ಕಿಯೀಮ್’ ಎಂಬ ಪದವನ್ನು ತಮಿಳಿನ ‘ತೋಗೈ’, ಕನ್ನಡದ ‘ತೋಕೆ’ಗಳೊಡನೆ ಅನೇಕ ವಿದ್ವಾಂಸರು ಜೋಡಿಸಿರುವರು. ಆದರೆ ವ್ಯಾಪಾರದ ಹಡಗು ಸರಕನ್ನೂ ಸರಕಿನ ಹೆಸರನ್ನೂ ಹೊತ್ತು ತರಬಲ್ಲುದು. ‘ಮರಳು’ ಎಂಬ ಕ್ರಿಯಾಪದವನ್ನು ಹೊತ್ತು ತರುವ ಸಂಭವ ಕಡಿಮೆ. ಕೆಳಗೆ ತೋರಿಸುವ ಸಾಮ್ಯಗಳು ಎರವಲಿನಿಂದ ಬಂದವುಗಳಲ್ಲ; ಕುರಿ ಮೇಯಿಸಿ, ಹೊಲ ಉತ್ತು, ಬರಕ್ಕೆ ಗುಳೆ ಹೋಗಿ, ಊರಿಗೆ ಮರಳಿ ಬದುಕಿದ ಎರಡು ಜನಸಮುದಾಯಗಳ ಜೀವನಸಾಮ್ಯದಿಂದ ಬಂದವುಗಳು.

೧. ಧಾತುವಿನ ಮೂಲಾರ್ಥ

ಶೂಬ್ ಧಾತುವು ಶಿನ್, ವಾವ್, ಬೇತ್ ಎಂಬ ಮೂರು ಅಕ್ಷರಗಳಿಂದಾದುದು. ಹೀಬ್ರೂ ಬೈಬಲಿನಲ್ಲಿ ಇದು ಸಾವಿರಕ್ಕೂ ಹೆಚ್ಚು ಸಲ ಬರುತ್ತದೆ; ಅತ್ಯಂತ ಹೆಚ್ಚಾಗಿ ಬಳಕೆಯಾದ ಕ್ರಿಯಾಪದಗಳಲ್ಲಿ ಇದೂ ಒಂದು. ೧೯೫೮ರಲ್ಲಿ ವಿಲಿಯಂ ಹಾಲಡೇ ಎಂಬ ವಿದ್ವಾಂಸರು ಈ ಒಂದು ಧಾತುವನ್ನೇ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಒಂದು ದಿಕ್ಕಿನಲ್ಲಿ ಸಾಗಿದವನು ಅದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಸಾಗುವುದು, ಬೇರೆ ಸೂಚನೆಯಿಲ್ಲದಿದ್ದರೆ ಹೊರಟ ಸ್ಥಳವನ್ನೇ ಪುನಃ ಮುಟ್ಟುವುದು ಈ ಧಾತುವಿನ ತಿರುಳೆಂಬುದು ಅವರ ನಿರ್ಣಯದ ಸಾರಾಂಶ. ಇಲ್ಲಿ ಮೂರು ಅಂಶಗಳು ಅಡಗಿವೆ: ಹೊರಟ ಸ್ಥಳ, ತಿರುಗಿದ ಬಿಂದು, ಮುಟ್ಟುವ ಸ್ಥಳ. ಬರಿಯ ತಿರುಗಾಟಕ್ಕೆ ಹೊರಟ ಸ್ಥಳದ ನೆನಪು ಬೇಕಿಲ್ಲ. ಶೂಬ್‌ಗೆ ಅದು ಬೇಕು.

ಸರಳರೂಪದ ಉದಾಹರಣೆಗಳು ಆದಿಕಾಂಡದಲ್ಲಿ ವಿಪುಲವಾಗಿವೆ. ಮಣ್ಣಿನಿಂದ ಆದ ಮನುಷ್ಯನು ಮಣ್ಣಿಗೆ ಸೇರುವುದನ್ನು ಹೇಳುವಲ್ಲಿ ಈ ಕ್ರಿಯಾಪದವಿದೆ. ಜಲಪ್ರಳಯವು ತಗ್ಗಿದ ಮೇಲೆ ನೀರು ಭೂಮಿಯ ಮೇಲಿಂದ ಹಿಂದೆ ಸರಿದುದಕ್ಕೂ ಇದೇ ಕ್ರಿಯಾಪದ. ಕಾಲೂರಲು ಎಡೆ ಕಾಣದೆ ಪಾರಿವಾಳವು ನಾವೆಗೆ ಬಂದುದಕ್ಕೂ ಇದೇ. ಹುಕ್ಕೇರಿ ತಾಲೂಕಿನ ಓದುಗರಿಗೆ ಈ ಚಿತ್ರ ಅಪರಿಚಿತವಲ್ಲ. ಘಟಪ್ರಭಾ ನದಿಗೆ ಹಿಡಕಲ್ಲಿನಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಮುಳುಗಿದ ಹುನ್ನೂರಿನ ವಿಠ್ಠಲ ದೇವಾಲಯವು ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ನೀರು ಮರಳುತ್ತದೆ, ಊರು ಬಿಟ್ಟ ಜನ ಅಲ್ಲಿಗೆ ಮರಳಿ ಒಕ್ಕಲಾಗುವಂತಿಲ್ಲ. ಮರಳುವಿಕೆಯೆಂಬುದು ಸದಾ ಪೂರ್ಣವಾಗುವ ಕ್ರಿಯೆಯಲ್ಲವೆಂಬುದನ್ನು ಈ ಒಂದು ದೃಶ್ಯವೇ ತಿಳಿಸುತ್ತದೆ.

೨. ‘ಮರಳಿ’, ‘ತಿರುಗಿ’, ‘ಹೊಳ್ಳಿ’

ಶೂಬ್ ಧಾತುವಿನ ಎರಡನೆಯ ಬಳಕೆಯು ವ್ಯಾಕರಣದ ದೃಷ್ಟಿಯಿಂದ ಸ್ವಾರಸ್ಯಕರವಾದುದು. ಇನ್ನೊಂದು ಕ್ರಿಯಾಪದದ ಹಿಂದೆ ಇದನ್ನು ಇರಿಸಿದರೆ ‘ಪುನಃ’ ಎಂಬ ಅರ್ಥ ಬರುತ್ತದೆ. ಅಬ್ರಹಾಮನ ಕಾಲದಲ್ಲಿ ತೋಡಿದ್ದ ಬಾವಿಗಳನ್ನು ಫಿಲಿಷ್ಟಿಯರು ಮುಚ್ಚಿಬಿಟ್ಟಿದ್ದರಾಗಿ ಅವನ ಮಗ ಇಸಾಕನು ಅವನ್ನು ಪುನಃ ತೋಡಿಸಿದನೆಂಬಲ್ಲಿ ಹೀಬ್ರೂ ಮಾತಿನ ಅಕ್ಷರಶಃ ಅರ್ಥ ‘ಇಸಾಕನು ಮರಳಿದನು, ತೋಡಿದನು’ ಎಂದು. ಎಲೀಯನು ಉಂಡು, ಕುಡಿದು, ಪುನಃ ಮಲಗಿದುದಕ್ಕೂ, ಅರಸನು ಎರಡನೆಯ ಸಲ ದಂಡಿನವರನ್ನು ಕಳುಹಿಸಿದುದಕ್ಕೂ ಇದೇ ರಚನೆಯಿದೆ.

ಆಂಗ್ಲಭಾಷೆಯ ಮೂಲಕ ಹೀಬ್ರೂವನ್ನು ಕಲಿಯುವವರಿಗೆ ಈ ರಚನೆಯು ಒಂದು ವಿಚಿತ್ರವಾಗಿ ತೋರುತ್ತದೆ. ಕನ್ನಡಿಗನಿಗೆ ಅದರಲ್ಲಿ ವಿಚಿತ್ರವೇನೂ ಇಲ್ಲ. ‘ಮರಳಿ ಹೇಳಿದನು’, ‘ತಿರುಗಿ ಕಟ್ಟಿದರು’ ಎಂಬಲ್ಲಿ ನಾವು ಮಾಡುವುದೂ ಅದನ್ನೇ. ಹಳಗನ್ನಡದಲ್ಲಿ ಮಗುೞ್ ಎಂದರೆ ಹಿಂದಿರುಗು. ಅದರಿಂದ ಬಂದ ‘ಮಗುೞ್ದು’ ಎಂಬುದು ‘ಪುನಃ’ ಎಂಬರ್ಥದಲ್ಲಿ ನಿಂತಿತು. ಮಗುೞ್ ಬಳಕೆತಪ್ಪಿದ ಮೇಲೆ ಅದರ ಕೆಲಸವನ್ನು ಮರಳ್ ವಹಿಸಿಕೊಂಡಿತು. ಬಳಿಕ ತಿರುಗು ಅದರ ಜೊತೆಗೂಡಿತು. ಶಬ್ದಗಳು ಬದಲಾದವು, ದಾರಿ ಬದಲಾಗಲಿಲ್ಲ. ಪ್ರತಿಸಲವೂ ಕನ್ನಡವು ‘ಪುನಃ’ ಎಂಬ ಅಮೂರ್ತ ಭಾವವನ್ನು ನಡೆದು ಹಿಂದಿರುಗುವ ಕಾಲಿನಿಂದಲೇ ಪಡೆದುಕೊಂಡಿತು.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಆಡುಮಾತಿನಲ್ಲಿ ಈ ಸ್ಥಾನದಲ್ಲಿ ನಿಂತಿರುವುದು ‘ಹೊಳ್ಳಿ’. ಇದು ಈ ಮೂರು ತಾಲೂಕುಗಳ ಸೊತ್ತಲ್ಲ. ಉತ್ತರ ಕರ್ನಾಟಕದ ಬಹುಭಾಗದಲ್ಲಿ ಕೇಳಬರುತ್ತದೆ. ಹಳಗನ್ನಡದ ಪೊರಳ್ ಎಂಬುದು ಹೊರಳು ಆಗಿ, ‘ಹೊರಳಿ’ ಎಂಬ ರೂಪದ ನಡುವಣ ಸ್ವರ ಲೋಪವಾಗಿ, ರಕಾರವು ಮುಂದಿನ ಳಕಾರದಲ್ಲಿ ಲೀನವಾಗಿ ‘ಹೊಳ್ಳಿ’ ಆಗಿದೆ. ‘ಮರಳಿ’ ಎಂಬುದು ‘ಮಳ್ಳಿ’ ಆದುದೂ ಹೀಗೆಯೇ. ಎರಡೂ ಕೂಡಿದ ‘ಹೊಳ್ಳಿ ಮಳ್ಳಿ’ ಎಂಬ ಜೋಡುನುಡಿಗೆ ಮೇಲಿಂದ ಮೇಲೆ ಎಂದರ್ಥ. ಸಂತೆಗೆ ಹೋದವನು ಹೊಳ್ಳಿ ಬರುತ್ತಾನೆ; ಕಡ ಒಯ್ದ ಕಾಳನ್ನು ಹೊಳ್ಳಿ ಕೊಡುತ್ತಾರೆ; ಕರೆದರೆ ಹೊಳ್ಳಿ ನೋಡುತ್ತಾರೆ; ಕೇಳಿಸದಿದ್ದರೆ ಹೊಳ್ಳಿ ಹೇಳೆನ್ನುತ್ತಾರೆ. ಹಿಂದಕ್ಕೆ ಬರುವುದು, ಹಿಂದಕ್ಕೆ ಕೊಡುವುದು, ಹಿಂದಕ್ಕೆ ತಿರುಗುವುದು, ಇನ್ನೊಮ್ಮೆ ಮಾಡುವುದು ಈ ನಾಲ್ಕೂ ಅರ್ಥಗಳು ಒಂದೇ ರೂಪದಲ್ಲಿವೆ. ಈ ನಾಲ್ಕೂ ಶೂಬ್ ಧಾತುವಿನ ಮುಖ್ಯಾರ್ಥಗಳೂ ಆಗಿವೆ. ಶಾಲೆಯಲ್ಲಿ ತಿದ್ದಿಸಿಕೊಳ್ಳುವ ಈ ಮಾತು ಅಶುದ್ಧವೂ ಅಲ್ಲ, ಅಪಭ್ರಂಶವೆಂದು ತಳ್ಳಿಹಾಕತಕ್ಕದ್ದೂ ಅಲ್ಲ. ಪೊರಳ್ ಎಂಬ ಹಳೆಯ ಧಾತುವಿನ ಕ್ರಮಬದ್ಧವಾದ ಸಂತಾನ ಅದು.

೩. ತುರುವನ್ನು ಮಗುೞ್ಚುವುದು

ಹೀಬ್ರೂವಿನಲ್ಲಿ ಪ್ರೇರಣಾರ್ಥಕ ರೂಪಕ್ಕೆ ಹಿಫೀಲ್ ಎಂದು ಹೆಸರು. ಶೂಬ್‌ನ ಹಿಫೀಲ್ ರೂಪವು ‘ಹೇಶೀಬ್’: ಮರಳಿಸು, ಹಿಂದಕ್ಕೆ ತರು, ಹಿಂದಕ್ಕೆ ಕೊಡು. ಕನ್ನಡದಲ್ಲಿ ಮಗುೞ್ ಎಂಬುದಕ್ಕೆ ಮಗುೞ್ಚು, ಮರಳ್ ಎಂಬುದಕ್ಕೆ ಮರಳ್ಚು, ತಿರುಗು ಎಂಬುದಕ್ಕೆ ತಿರುಗಿಸು ಇದ್ದಂತೆ.

ಈ ರೂಪದ ಬಳಕೆ ಎದ್ದು ತೋರುವುದು ಸುಲಿಗೆಯ ಪ್ರಸಂಗಗಳಲ್ಲಿ. ನಾಲ್ವರು ಅರಸರು ಸೊದೋಮಿನ ಮೇಲೆ ಬಿದ್ದು ಆಸ್ತಿಯನ್ನೂ ಲೋಟನನ್ನೂ ಒಯ್ದಾಗ ಅಬ್ರಾಮನು ಬೆನ್ನಟ್ಟಿ ಎಲ್ಲವನ್ನೂ ಹಿಂದಕ್ಕೆ ತಂದನು. ಅಮಾಲೇಕ್ಯರು ಚಿಕ್ಲಗ್ ಎಂಬ ಊರನ್ನು ಸುಟ್ಟು ಹೆಂಗಸರು ಮಕ್ಕಳನ್ನು ಸೆರೆಯೊಯ್ದಾಗ ದಾವೀದನು ೬೦೦ ಜನರೊಡನೆ ಹೊರಟು, ಬಳಲಿದ ೨೦೦ ಜನರನ್ನು ಹಳ್ಳದ ಬಳಿ ಬಿಟ್ಟು, ಉಳಿದವರೊಡನೆ ಹೋಗಿ ಎಲ್ಲವನ್ನೂ ಹಿಂದಕ್ಕೆ ತಂದನು. ಎರಡು ಕಡೆಯಲ್ಲಿಯೂ ಕಥೆಯ ಶಿಖರದಲ್ಲಿ ನಿಂತ ಕ್ರಿಯಾಪದ ಹೇಶೀಬ್.

ಕನ್ನಡ ನಾಡಿನ ವೀರಗಲ್ಲುಗಳನ್ನು ಓದಿದವರಿಗೆ ಇಲ್ಲಿ ‘ತುಱುವಂ ಮಗುೞ್ಚಿ’ ಎಂಬ ಮಾತು ನೆನಪಾಗದೆ ಇರದು. ತುರುಗೊಳ್ ಎಂದರೆ ದನಗಳನ್ನು ಹಿಡಿದೊಯ್ಯುವ ದಾಳಿ. ಊರಿನ ವೀರನು ಬೆನ್ನಟ್ಟಿ ಕಾದಿ, ತುರುವನ್ನು ಮರಳಿಸಿ, ತಾನು ಬಿದ್ದು ಸುರಲೋಕವನ್ನು ಸೇರಿದನೆಂದು ಕಲ್ಲು ಹೇಳುತ್ತದೆ. ಕ್ರಿಯಾಪದ ಒಂದೇ, ಸಂದರ್ಭ ಒಂದೇ. ಆದರೆ ಒಂದು ಭೇದವುಂಟು. ಅಬ್ರಾಮನೂ ದಾವೀದನೂ ತಾವೂ ಮರಳುತ್ತಾರೆ. ನಮ್ಮ ವೀರಗಲ್ಲಿನಲ್ಲಿ ದನ ಮರಳುತ್ತದೆ, ಮರಳಿಸಿದವನು ಮರಳುವುದಿಲ್ಲ. ಅವನ ಬದಲಿಗೆ ಕಲ್ಲು ನಿಲ್ಲುತ್ತದೆ.

ಹೀಬ್ರೂ ಧರ್ಮಶಾಸ್ತ್ರದಲ್ಲಿಯೂ ಈ ರೂಪ ಕಾಣಬರುತ್ತದೆ. ದಾರಿತಪ್ಪಿ ಅಲೆಯುವ ಎತ್ತಾಗಲಿ ಕತ್ತೆಯಾಗಲಿ ಕಂಡರೆ, ಅದರ ಒಡೆಯನು ವೈರಿಯಾಗಿದ್ದರೂ ಅದನ್ನು ಅವನಿಗೆ ಮುಟ್ಟಿಸಲೇಬೇಕೆಂದು ವಿಮೋಚನಕಾಂಡವು ವಿಧಿಸುತ್ತದೆ. ಮುಟ್ಟಿಸುವವನ ಮನಸ್ಸಿನಲ್ಲಿ ದ್ವೇಷ ಉಳಿದಿದೆಯೇ ಅಳಿದಿದೆಯೇ ಎಂಬ ವಿಚಾರಣೆ ಅಲ್ಲಿಲ್ಲ. ಎತ್ತು ಕೊಟ್ಟಿಗೆ ಸೇರಬೇಕು, ಅಷ್ಟೇ.

ಇದೇ ರೂಪವು ಉತ್ತರ ಕೊಡುವುದಕ್ಕೂ ಬರುತ್ತದೆ: ‘ಮಾತನ್ನು ಮರಳಿಸು’ ಎಂದರೆ ಉತ್ತರಿಸು. ಕಪ್ಪ ಸಲ್ಲಿಸುವುದಕ್ಕೂ ಬರುತ್ತದೆ: ಮೋವಾಬಿನ ಅರಸ ಮೇಷನು ಇಸ್ರಾಯೇಲಿನ ಅರಸನಿಗೆ ಒಂದು ಲಕ್ಷ ಕುರಿಮರಿಗಳನ್ನೂ ಒಂದು ಲಕ್ಷ ಟಗರುಗಳ ಉಣ್ಣೆಯನ್ನೂ ಸಲ್ಲಿಸುತ್ತಿದ್ದನೆಂಬಲ್ಲಿ ಇದೇ ಕ್ರಿಯಾಪದವಿದೆ. ಕಪ್ಪವೆಂದರೆ ಮೇಲರಸನಿಗೆ ಸೇರಬೇಕಾದುದನ್ನು ಅವನಿಗೆ ಹಿಂದಿರುಗಿಸುವುದೆಂಬ ಭಾವನೆ ಇದರಲ್ಲಿ ಅಡಗಿರಬಹುದು. ಕನ್ನಡದಲ್ಲಿ ಕಪ್ಪವನ್ನು ‘ತೆರು’ತ್ತೇವೆಯೇ ಹೊರತು ಮರಳಿಸುವುದಿಲ್ಲ, ಇಲ್ಲಿ ಎರಡು ಭಾಷೆಗಳ ದಾರಿ ಬೇರೆಯಾಗುತ್ತದೆ.

ಮೇಷನ ವಿಷಯದಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಇನ್ನೊಂದು ಲಾಭವುಂಟು. ಆ ಅರಸನು ಬರೆಸಿದ ಶಿಲಾಶಾಸನವು ೧೮೬೮ರಲ್ಲಿ ಇಂದಿನ ಜೋರ್ಡಾನ್ ದೇಶದ ಧೀಬಾನ್ ಎಂಬಲ್ಲಿ ಬೆಳಕಿಗೆ ಬಂದು, ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿಸ್ತಪೂರ್ವ ೯ನೆಯ ಶತಮಾನದ ಆ ಶಾಸನವು ಹೀಬ್ರೂವಿಗೆ ತೀರ ಸಮೀಪವಾದ ಮೋವಾಬಿ ಭಾಷೆಯಲ್ಲಿದೆ. ವಶಪಡಿಸಿಕೊಂಡ ಒಂದು ಊರಿನಿಂದ ಮೇಷನು ಒಂದು ಪೂಜಾವಸ್ತುವನ್ನು ತಂದುದನ್ನು ಅದರ ೧೨ನೆಯ ಸಾಲು ಹೇಳುತ್ತದೆ. ಅಲ್ಲಿಯ ಕ್ರಿಯಾಪದವನ್ನು ಕೆಲವರು ಶೂಬ್ ಧಾತುವಿನದೆಂದು ಓದಿ ‘ಹಿಂದಕ್ಕೆ ತಂದೆನು’ ಎಂದೂ, ಕೆಲವರು ಸೆರೆಹಿಡಿ ಎಂಬರ್ಥದ ಬೇರೊಂದು ಧಾತುವಿನದೆಂದು ಓದಿ ‘ಕೊಳ್ಳೆಹೊಡೆದೆನು’ ಎಂದೂ ಅರ್ಥೈಸುವರು. ಸ್ವರಗಳನ್ನು ಬರೆಯದ ಲಿಪಿಯಲ್ಲಿ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಆ ವಸ್ತುವು ಮೊದಲು ಯಾರದಾಗಿತ್ತು ಎಂಬ ಪ್ರಶ್ನೆಯ ನಿರ್ಣಯ ಒಂದು ಧಾತುವಿನ ನಿರ್ಣಯದ ಮೇಲೆ ನಿಂತಿದೆ. ತನ್ನದನ್ನು ಹಿಂದಕ್ಕೆ ತಂದೆನೆಂದು ಗೆದ್ದವನು ಹೇಳಿಕೊಳ್ಳುವುದೂ, ಸುಲಿದನೆಂದು ಸೋತವನು ಹೇಳುವುದೂ ಎಲ್ಲ ಕಾಲದ ಚರಿತ್ರೆಯಲ್ಲಿ ಕಾಣುವ ಸಂಗತಿಯೇ.

೪. ಭೂಮಿ ಮರಳುವುದು, ಭೂಮಿ ಮರಳದಿರುವುದು

ಶೂಬ್ ಧಾತುವಿನ ಸಾಮಾಜಿಕ ಮಹತ್ವವು ಪೂರ್ಣವಾಗಿ ತೋರುವುದು ಯಾಜಕಕಾಂಡದ ೨೫ನೆಯ ಅಧ್ಯಾಯದಲ್ಲಿ. ಪ್ರತಿ ೫೦ನೆಯ ವರ್ಷದಲ್ಲಿ ಕೊಂಬೂದಿ ಬಿಡುಗಡೆಯನ್ನು ಸಾರಬೇಕೆಂದೂ, ಬಡತನದಿಂದ ಹೊಲವನ್ನು ಮಾರಿದವನು ತನ್ನ ಹೊಲಕ್ಕೂ, ತನ್ನನ್ನೇ ಮಾರಿಕೊಂಡವನು ತನ್ನ ಕುಟುಂಬಕ್ಕೂ ಮರಳಬೇಕೆಂದೂ ಅಲ್ಲಿ ವಿಧಿಸಿದೆ. ಈ ವಿಧಿಯು ಎಷ್ಟರಮಟ್ಟಿಗೆ ಆಚರಣೆಯಲ್ಲಿತ್ತು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಅದರ ತತ್ತ್ವ ಸ್ಪಷ್ಟ: ಭೂಮಿಯನ್ನು ಶಾಶ್ವತವಾಗಿ ಕಳೆದುಕೊಳ್ಳುವುದೆಂಬುದಿಲ್ಲ, ಅದಕ್ಕೆ ಮರಳುವ ದಾರಿಯುಂಟು.

ಇದನ್ನು ನಮ್ಮ ದಾನಶಾಸನಗಳೊಡನೆ ಹೋಲಿಸಿದರೆ ಎದುರುಬದುರಾದ ಎರಡು ಆದರ್ಶಗಳು ಕಾಣುತ್ತವೆ. ಇಂದು ಮೂಡಲಗಿ ತಾಲೂಕಿನಲ್ಲಿರುವ ಕಲ್ಲೋಳಿಯಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ, ೧೨೦೪ನೆಯ ಇಸವಿಯ ಶಾಸನವೊಂದಿದೆ. ಶಾಂತಿನಾಥ ಬಸದಿಗೆ ಬಿಟ್ಟ ದತ್ತಿಯನ್ನು ಅದು ದಾಖಲಿಸುತ್ತದೆ. ಇದನ್ನೂ ರಟ್ಟರ ಇತರ ಶಾಸನಗಳನ್ನೂ ಹತ್ತೊಂಬತ್ತನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟರು ಓದಿ ಪ್ರಕಟಿಸಿದರು. ಇಂತಹ ದಾನಶಾಸನಗಳ ಸಾಮಾನ್ಯ ಕ್ರಿಯಾಪದ ‘ಬಿಡು’. ಕೊಟ್ಟವನು ಭೂಮಿಯನ್ನು ಬಿಟ್ಟನು. ಅದು ಸೂರ್ಯಚಂದ್ರರಿರುವವರೆಗೆ ಅವನಿಗಾಗಲಿ ಅವನ ವಂಶದವರಿಗಾಗಲಿ ಮರಳಕೂಡದು. ಮರಳಿ ಪಡೆಯಲು ಕೈಹಾಕಿದವನಿಗೆ ಶಾಪಾಶಯವು ಶಾಸನದ ಕೊನೆಯಲ್ಲಿ ಕಾದಿರುತ್ತದೆ. ಒಂದೆಡೆ ಭೂಮಿ ಮರಳಲೇಬೇಕೆಂಬುದು ಧರ್ಮ. ಇನ್ನೊಂದೆಡೆ ಮರಳಲೇಬಾರದೆಂಬುದು ಧರ್ಮ. ಒಂದು ಸಾಲಗಾರನಾದ ಒಕ್ಕಲಿಗನ ಕಡೆಯಿಂದ ನೋಡಿದ ನೋಟ. ಇನ್ನೊಂದು ದಾನ ಪಡೆದ ಸಂಸ್ಥೆಯ ಭದ್ರತೆಯ ಕಡೆಯಿಂದ ನೋಡಿದ ನೋಟ. ಎರಡಕ್ಕೂ ಅವುಗಳದೇ ಆದ ನ್ಯಾಯವುಂಟು.

ಒಕ್ಕಲಿಗನ ನೋಟವು ನೆಹೆಮೀಯನ ಗ್ರಂಥದಲ್ಲಿ ಇನ್ನೂ ತೀಕ್ಷ್ಣವಾಗಿದೆ. ಬರ ಮತ್ತು ಅರಸನ ತೆರಿಗೆಗಳಿಂದಾಗಿ ಜನರು ಹೊಲ, ದ್ರಾಕ್ಷಿತೋಟ, ಮನೆಗಳನ್ನು ಒತ್ತೆಯಿಟ್ಟು, ಮಕ್ಕಳನ್ನು ಜೀತಕ್ಕೆ ಕೊಟ್ಟಿದ್ದರು. ನೆಹೆಮೀಯನು ಸಾಲಕೊಟ್ಟ ಶ್ರೀಮಂತರ ಸಭೆ ಕರೆದು ಅವೆಲ್ಲವನ್ನೂ ಆ ದಿನವೇ ಮರಳಿಸಬೇಕೆಂದು ಕೇಳಿದನು. ಅವರು ಮರಳಿಸುತ್ತೇವೆಂದು ಒಪ್ಪಿದರು. ಕೇಳಿಕೆಯಲ್ಲಿಯೂ ಒಪ್ಪಿಗೆಯಲ್ಲಿಯೂ ಇರುವುದು ಹೇಶೀಬ್. ಮುಂಬಯಿ ಪ್ರಾಂತದಲ್ಲಿ ೧೮೭೫ರ ದಖ್ಖನ್ ರೈತ ದಂಗೆಗಳ ಬಳಿಕ ೧೮೭೯ರಲ್ಲಿ ಬಂದ ರೈತ ಪರಿಹಾರ ಕಾಯದೆಯನ್ನೂ, ಪರಿಶಿಷ್ಟರಿಗೆ ಸರಕಾರವು ಮಂಜೂರು ಮಾಡಿದ ಜಮೀನು ಕಾನೂನಿಗೆ ವಿರುದ್ಧವಾಗಿ ಪರಭಾರೆಯಾಗಿದ್ದರೆ ಅದನ್ನು ಮೂಲ ಮಂಜೂರಾತಿದಾರನಿಗೆ ಅಥವಾ ಅವನ ವಾರಸುದಾರರಿಗೆ ಮರಳಿಸಲು ಅವಕಾಶ ಮಾಡಿದ ೧೯೭೮ರ ಕರ್ನಾಟಕದ ಕಾಯದೆಯನ್ನೂ ಓದುವ ವಿದ್ಯಾರ್ಥಿಗೆ ಈ ಅಧ್ಯಾಯವು ದೂರದ್ದೆಂದು ತೋರಲಾರದು. ಮೂರು ಕಡೆಯಲ್ಲಿಯೂ ಪ್ರಶ್ನೆ ಒಂದೇ: ಕಷ್ಟಕಾಲದಲ್ಲಿ ಕೈಬಿಟ್ಟ ಹೊಲ ಹೊಳ್ಳಿ ಬರುವುದೋ ಇಲ್ಲವೋ?

೫. ಜನರು ಮರಳುವುದು

ರೂತಳ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿ ಇರುವುದು ೨೨ ವಚನಗಳು. ಅವುಗಳಲ್ಲಿ ಶೂಬ್ ಧಾತು ೧೨ ಸಲ ಬಂದಿದೆ. ಬರಗಾಲದಿಂದಾಗಿ ಬೇತ್ಲೆಹೇಮನ್ನು ಬಿಟ್ಟು ಮೋವಾಬಿಗೆ ಹೋದ ಕುಟುಂಬದಲ್ಲಿ ಗಂಡಸರೆಲ್ಲ ತೀರಿಹೋಗಿ, ನೊವೊಮಿ ಎಂಬ ವಿಧವೆ ಊರಿಗೆ ಮರಳುತ್ತಾಳೆ. ಸೊಸೆಯರಿಬ್ಬರಿಗೂ ತಮ್ಮ ತಮ್ಮ ತಾಯಿಯ ಮನೆಗೆ, ಎಂದರೆ ತವರಿಗೆ, ಮರಳಿರೆಂದು ಹೇಳುತ್ತಾಳೆ. ಒಬ್ಬಳು ಮರಳಿದಳು, ರೂತಳು ಅತ್ತೆಯ ಸಂಗಡ ಹೊರಟಳು. ಅಧ್ಯಾಯದ ಕೊನೆಯಲ್ಲಿ ಗ್ರಂಥಕಾರನು ರೂತಳನ್ನೂ ‘ಮರಳಿ ಬಂದವಳು’ ಎಂದೇ ಕರೆಯುತ್ತಾನೆ. ಆದರೆ ಅವಳು ಮೋವಾಬಿನ ಹೆಣ್ಣು. ಬೇತ್ಲೆಹೇಮನ್ನು ಹಿಂದೆಂದೂ ಕಂಡವಳಲ್ಲ. ಕಾಣದ ಊರಿಗೆ ಮರಳುವುದು ಹೇಗೆ? ಗಂಡನ ಮನೆಯೇ ಅವಳ ಮನೆಯೆಂದು ಗ್ರಂಥಕಾರನು ಒಂದು ಕ್ರಿಯಾಪದದಿಂದಲೇ ತೀರ್ಮಾನ ಕೊಟ್ಟಂತಿದೆ. ಪರದೇಶದ ಹೆಣ್ಣನ್ನು ಊರವಳೆಂದು ಅಂಗೀಕರಿಸಲು ಬೇರೆ ವಾದಗಳನ್ನು ಅವನು ಹೂಡಲಿಲ್ಲ.

ಬೆಳಗಾವಿ ಜಿಲ್ಲೆಯೂ ಸೇರಿದಂತೆ ಕನ್ನಡ ನಾಡನ್ನು ಪೀಡಿಸಿದ ೧೮೭೬–೭೮ರ ಮಹಾಕ್ಷಾಮದಲ್ಲಿ ಊರು ಬಿಟ್ಟವರಲ್ಲಿ ಮರಳಿದವರೂ ಇದ್ದರು, ಮರಳದವರೂ ಇದ್ದರು. ಇಂದಿಗೂ ಈ ಸೀಮೆಯ ಕುರಿಗಾರರು ವರ್ಷದಲ್ಲಿ ಹಲವು ತಿಂಗಳು ಹಿಂಡಿನೊಡನೆ ಊರೂರು ತಿರುಗಿ ಮನೆಗೆ ತಿರುಗಿ ಬರುತ್ತಾರೆ. ‘ತಿರುಗು’ ಎಂಬ ಒಂದೇ ಪದವು ಅಲೆಯುವುದನ್ನೂ ಮರಳುವುದನ್ನೂ ಹೇಳುವುದನ್ನು ಇಲ್ಲಿ ಗಮನಿಸಬೇಕು.

ಕ್ರಿಸ್ತಪೂರ್ವ ೫೮೬ರ ಸುಮಾರಿಗೆ ಯೆರೂಸಲೇಮು ಬಾಬೆಲಿನವರ ಕೈಗೆ ಬಿದ್ದು ಜನರು ಸೆರೆಹೋದ ಮೇಲೆ ಶೂಬ್ ಎಂಬುದು ಒಂದು ಜನಾಂಗದ ಆಸೆಯ ಹೆಸರಾಯಿತು. ಅದಕ್ಕೂ ಮೊದಲೇ ಪ್ರವಾದಿ ಯೆಶಾಯನು ತನ್ನ ಮಗನಿಗೆ ‘ಶೆಯಾರ್ ಯಾಶೂಬ್’, ಉಳಿದವರು ಮರಳುವರು, ಎಂದು ಹೆಸರಿಟ್ಟಿದ್ದನು. ಕ್ರಿಸ್ತಪೂರ್ವ ೫೩೯ರಲ್ಲಿ ಪಾರಸಿಯ ಅರಸ ಕೋರೆಷನು ಬಾಬೆಲನ್ನು ಗೆದ್ದ ಬಳಿಕ ಸೆರೆಯವರು ಮರಳಲು ಅವಕಾಶವಾಯಿತು. ೧೮೭೯ರಲ್ಲಿ ಬಾಬೆಲಿನ ಅವಶೇಷಗಳಲ್ಲಿ ದೊರೆತ ಆ ಅರಸನ ಮಣ್ಣಿನ ಉರುಳೆಯ ಶಾಸನವು ಯೆಹೂದ್ಯರ ಹೆಸರನ್ನು ಹೇಳುವುದಿಲ್ಲ. ಆದರೂ ಬೇರೆ ಬೇರೆ ನಗರಗಳ ದೇವರುಗಳನ್ನೂ ಜನರನ್ನೂ ಅವರವರ ಸ್ಥಳಗಳಿಗೆ ಮರಳಿಸಿದುದನ್ನು ಹೇಳುತ್ತದೆ. ಮರಳಿಸುವುದು ಆ ಕಾಲಕ್ಕೆ ರಾಜನೀತಿಯೂ ಆಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

೬. ಮನಸ್ಸು ಮರಳುವುದು

ಇಷ್ಟು ಹಿನ್ನೆಲೆಯ ಮೇಲೆ ಪ್ರವಾದಿಗಳ ಬಳಕೆಯನ್ನು ನೋಡಬೇಕು. ಆಮೋಸನ ೪ನೆಯ ಅಧ್ಯಾಯದಲ್ಲಿ ಹಸಿವು, ಅನಾವೃಷ್ಟಿ, ಕಾಡಿಗೆರೋಗ, ವ್ಯಾಧಿ, ಯುದ್ಧಗಳನ್ನು ಹೇಳಿ, ಆದರೂ ಜನ ದೇವರ ಕಡೆಗೆ ಮರಳಲಿಲ್ಲವೆಂಬ ಪಲ್ಲವಿಯು ೫ ಸಲ ಬರುತ್ತದೆ. ಯೆರೆಮೀಯನು ಈ ಧಾತುವಿನೊಡನೆ ಮಾತಿನ ಆಟವನ್ನೇ ಆಡುತ್ತಾನೆ: ಬಿಟ್ಟು ಹೋಗುವುದಕ್ಕೂ ಶೂಬ್, ಹಿಂದಿರುಗುವುದಕ್ಕೂ ಶೂಬ್, ದ್ರೋಹಕ್ಕೆ ಅವನು ಬಳಸುವ ‘ಮೆಶೂಬಾ’ ಎಂಬ ನಾಮಪದವೂ ಇದೇ ಧಾತುವಿನದು. ಬೇರೆ ಭಾಷೆಗಳಲ್ಲಿ ಈ ಶ್ಲೇಷೆಯನ್ನು ಉಳಿಸುವುದು ಕಷ್ಟ. ಕನ್ನಡದಲ್ಲಿ ಅದು ಸುಲಭ. ಏಕೆಂದರೆ ಒಡೆಯನ ಮೇಲೆ ‘ತಿರುಗಿ ಬೀಳು’ವವನೂ ಒಡೆಯನ ಕಡೆಗೆ ‘ತಿರುಗಿ ಬರು’ವವನೂ ನಮ್ಮಲ್ಲಿಯೂ ಒಂದೇ ಕ್ರಿಯಾಪದದವರು.

ಇಲ್ಲಿ ಅವಶ್ಯವಾಗಿ ಗಮನಿಸಬೇಕಾದ ಸಂಗತಿಯೊಂದುಂಟು. ಮಾಡಿದ್ದಕ್ಕೆ ಮರುಗುವುದಕ್ಕೆ ಹೀಬ್ರೂವಿನಲ್ಲಿ ಬೇರೆಯೇ ಆದ ಕ್ರಿಯಾಪದವಿದೆ, ಅದು ‘ನಿಹಮ್’. ಕನ್ನಡದಲ್ಲಿ ಪಶ್ಚಾತ್ತಾಪವೆಂಬ ಸಂಸ್ಕೃತ ಪದವು, ಎಂದರೆ ಆಮೇಲಿನ ತಾಪವು, ನಿಹಮ್‌ಗೆ ಸರಿಹೊಂದುತ್ತದೆ, ಶೂಬ್‌ಗೆ ಅಲ್ಲ. ಕ್ರಿಸ್ತಪೂರ್ವ ೩ನೆಯ ಮತ್ತು ೨ನೆಯ ಶತಮಾನಗಳಲ್ಲಿ ಹೀಬ್ರೂ ಗ್ರಂಥವನ್ನು ಗ್ರೀಕಿಗೆ ತಂದವರು ಈ ಭೇದವನ್ನು ಬಹುಮಟ್ಟಿಗೆ ಕಾಪಾಡಿದರು. ಶೂಬ್‌ಗೆ ಅವರು ತಿರುಗುವಿಕೆಯ ‘ಎಪಿಸ್ತ್ರೆಫೋ’ ಮುಂತಾದ ಕ್ರಿಯಾಪದಗಳನ್ನು ಬಳಸಿದರು. ‘ಮೆತನೋಎಓ’ ಎಂಬುದನ್ನು ಹೆಚ್ಚಾಗಿ ನಿಹಮ್‌ಗೆ ಮೀಸಲಿಟ್ಟರು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಎರಡನೆಯದಕ್ಕೆ ಪ್ರಾಧಾನ್ಯ ಬಂದಿತು. ಲ್ಯಾಟಿನ್ನಿನಲ್ಲಿ ಅದು ಪ್ರಾಯಶ್ಚಿತ್ತದ ಅರ್ಥಕ್ಕೆ ಒಲಿಯಿತು. ೧೫೧೭ರಲ್ಲಿ ಮಾರ್ಟಿನ್ ಲೂಥರನು ಮಂಡಿಸಿದ ೯೫ ಪ್ರಮೇಯಗಳಲ್ಲಿ ಮೊದಲನೆಯದೇ ಈ ಪದದ ನಿಜಾರ್ಥವನ್ನು ಕುರಿತದ್ದೆಂಬುದನ್ನು ನೆನೆದರೆ, ಒಂದು ಕ್ರಿಯಾಪದದ ಅನುವಾದವು ಎಂತಹ ಚಾರಿತ್ರಿಕ ಪರಿಣಾಮಗಳಿಗೆ ಕಾರಣವಾಗಬಲ್ಲುದೆಂಬುದು ಮನದಟ್ಟಾಗುವುದು.

೭. ಕನ್ನಡಕ್ಕೆ ಬಂದ ಬಗೆ

ಕನ್ನಡದಲ್ಲಿ ಬೈಬಲ್ ಭಾಷಾಂತರದ ಕೆಲಸವು ಬಳ್ಳಾರಿಯಲ್ಲಿ ಮೊದಲಾಯಿತು. ೧೮೧೦ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಹೋದ್ಯೋಗಿ ವಿಲಿಯಂ ರೀವ್ ಅವರ ಶ್ರಮದಿಂದ ೧೮೩೦ರ ಸುಮಾರಿನ ಹೊತ್ತಿಗೆ ಗ್ರಂಥವು ಪೂರ್ತಿಯಾಗಿ ಕನ್ನಡಕ್ಕೆ ಬಂದಿತು. ಬಳಿಕ ಅದೇ ಶತಮಾನದ ನಡುವಿನಲ್ಲಿ ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಪರಿಷ್ಕರಣದಲ್ಲಿ ಪಾಲುಗೊಂಡರು. ಬೆಳಗಾವಿಯಲ್ಲಿ ೧೮೨೦ರಲ್ಲಿ ಜೋಸೆಫ್ ಟೇಲರರು ಲಂಡನ್ ಮಿಶನ್ನಿನ ಠಾಣೆಯನ್ನು ಸ್ಥಾಪಿಸಿದರು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅಲ್ಲಿಯ ಕೆಲಸವು ಅಮೆರಿಕದ ಮೆಥಡಿಸ್ಟರಿಗೆ ಹಸ್ತಾಂತರವಾಯಿತು. ಹೀಗೆ ಈ ಸೀಮೆಗೆ ಮುದ್ರಿತ ಗ್ರಂಥವು ಬಂದುದು ಬಳ್ಳಾರಿ, ಮಂಗಳೂರುಗಳ ಕಡೆಯ ಕನ್ನಡದಲ್ಲಿ. ಓದಿದವರ ಬಾಯಲ್ಲಿದ್ದುದು ಬೇರೆ ಕನ್ನಡ.

ಬಹುಕಾಲದಿಂದ ಬಳಕೆಯಲ್ಲಿರುವ ಕನ್ನಡ ಭಾಷಾಂತರದ ಪ್ರವಾದಿಗಳ ಗ್ರಂಥಗಳಲ್ಲಿ ಶೂಬ್‌ಗೆ ‘ತಿರುಗಿಕೊಳ್ಳು’ ಎಂಬ ಅಚ್ಚಗನ್ನಡ ಕ್ರಿಯಾಪದ ನಿಂತಿದೆ. ಇದು ಉತ್ತಮವಾದ ಆಯ್ಕೆ. ‘ಕೊಳ್ಳು’ ಎಂಬ ಸಹಾಯಕ ಕ್ರಿಯೆಯಿಂದ ತಿರುಗುವವನು ತನಗಾಗಿ ತಾನೇ ತಿರುಗುವನೆಂಬ ಭಾವ ಬಂದಿದೆ. ‘ಕಡೆಗೆ’ ಎಂಬುದರಿಂದ ದಾರಿಯ ಗುರಿ ಉಳಿದಿದೆ. ಇದರ ಜೊತೆಯಲ್ಲಿಯೇ ‘ಮಾನಸಾಂತರ’, ‘ಪಶ್ಚಾತ್ತಾಪ’ ಎಂಬ ಪದಗಳೂ ಪ್ರಚಾರಕ್ಕೆ ಬಂದವು. ಅವು ಗಂಭೀರವಾದ ಪದಗಳೇ ಸರಿ. ಆದರೆ ಮಾನಸಾಂತರವು ಮನಸ್ಸಿನೊಳಗೆ ನಡೆದು ಮುಗಿಯಬಹುದು. ಪಶ್ಚಾತ್ತಾಪಕ್ಕೆ ಕಣ್ಣೀರು ಸಾಕಾಗಬಹುದು. ತಿರುಗಿಕೊಂಡವನಿಗೆ ಮಾತ್ರ ನಡೆದು ಬರಬೇಕಾದ ದಾರಿ ಉಳಿಯುತ್ತದೆ. ತಿರುಗಿಸಬೇಕಾದವನಿಗೆ ಕೊಡಬೇಕಾದ ಹೊಲ ಉಳಿಯುತ್ತದೆ. ನೆಹೆಮೀಯನ ಮುಂದೆ ನಿಂತ ಶ್ರೀಮಂತರು ಪಶ್ಚಾತ್ತಾಪಪಟ್ಟರೋ ಇಲ್ಲವೋ ಗ್ರಂಥವು ಹೇಳುವುದಿಲ್ಲ. ಮರಳಿಸಲು ಒಪ್ಪಿದರೆಂದು ಹೇಳುತ್ತದೆ.

ಇಲ್ಲಿಯೇ ಕನ್ನಡದ ಮಿತಿಯನ್ನೂ ಹೇಳಬೇಕು. ನಮ್ಮಲ್ಲಿ ‘ಮನಸ್ಸು ತಿರುಗಿತು’ ಎಂದರೆ ಅದು ಒಳಿತಿಗೂ ಆಗಬಹುದು, ಕೆಡುಕಿಗೂ ಆಗಬಹುದು. ಮೊದಲಿದ್ದ ಒಡನಾಟಕ್ಕೆ ಮರಳಿತು ಎಂಬ ಅರ್ಥ ತಾನಾಗಿ ಹೊರಡುವುದಿಲ್ಲ. ಶೂಬ್‌ನ ಧಾರ್ಮಿಕ ಬಳಕೆಯ ಹಿಂದೆ ದೇವರಿಗೂ ಜನಾಂಗಕ್ಕೂ ಆದ ಒಡಂಬಡಿಕೆಯ ಕಲ್ಪನೆಯಿದೆ. ಹೊರಟ ಸ್ಥಳವೆಂದರೆ ಆ ಒಡಂಬಡಿಕೆ. ಕನ್ನಡ ಕ್ರಿಯಾಪದವು ದಾರಿಯನ್ನು ಕೊಡಬಲ್ಲುದು. ಆ ಒಡಂಬಡಿಕೆಯನ್ನು ಗ್ರಂಥವೇ ಕೊಡಬೇಕು.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ನಿಷ್ಪನ್ನವಾಗುತ್ತವೆ. ಒಂದನೆಯದು: ಶೂಬ್ ಧಾತುವಿನ ಅರ್ಥವಿಕಾಸವು ನಡಿಗೆಯಿಂದ ಮೊದಲಾಗಿ, ಬಾವಿ, ತುರು, ಕಪ್ಪ, ಭೂಮಿ, ಸೆರೆಗಳನ್ನು ಹಾದು ಮನಸ್ಸನ್ನು ಮುಟ್ಟಿದೆ, ಕೊನೆಯ ಅರ್ಥವನ್ನು ಹಿಡಿದು ಮೊದಲಿನವುಗಳನ್ನು ಅಳೆಯುವುದು ಸರಿಯಲ್ಲ. ಎರಡನೆಯದು: ಕನ್ನಡದ ಮಗುೞ್, ಮರಳ್, ತಿರುಗು, ಹೊರಳುಗಳು ಸ್ವತಂತ್ರವಾಗಿಯೇ ಈ ದಾರಿಯ ಬಹುಭಾಗವನ್ನು ನಡೆದಿವೆ; ಆದುದರಿಂದ ಹೀಬ್ರೂ ಪ್ರಯೋಗಗಳನ್ನು ವಿವರಿಸಲು ನಮ್ಮ ಅಧ್ಯಾಪಕರು ಆಂಗ್ಲ ವಿವರಣೆಗಳನ್ನೇ ನೆಚ್ಚಬೇಕಾಗಿಲ್ಲ. ಮೂರನೆಯದು: ಹಳ್ಳಿಯ ಆಡುಮಾತು ಇಂತಹ ಅಧ್ಯಯನಕ್ಕೆ ಗ್ರಂಥಸ್ಥ ಭಾಷೆಯಷ್ಟೇ ಯೋಗ್ಯವಾದ ಆಧಾರ.

೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಈ ಕ್ರಿಯಾಪದಗಳೆಲ್ಲ ಪ್ರತ್ಯೇಕವಾಗಿ ದೊರೆಯುತ್ತವೆ. ಶಾಸನಗಳಲ್ಲಿ ಅವು ಯಾವ ಯಾವ ವಸ್ತುಗಳೊಡನೆ ಬಂದಿವೆ, ಏನು ಮರಳಿತು, ಯಾರಿಗೆ ಮರಳಿತು, ಯಾವುದು ಮರಳಬಾರದೆಂದು ಕಟ್ಟು ಮಾಡಲಾಯಿತು ಎಂಬುದನ್ನು ಪಟ್ಟಿಮಾಡಿದರೆ ನಮ್ಮ ನಾಡಿನ ಆಸ್ತಿಸಂಬಂಧಗಳ ಚರಿತ್ರೆಗೆ ಒಂದು ಹೊಸ ಸಾಧನ ದೊರೆತಂತಾಗುವುದು. ಈ ಮೂರು ತಾಲೂಕುಗಳ ಕಾಲೇಜುಗಳಲ್ಲಿ ಓದುವ ತರುಣರು ಶಾಸನಗಳ ಪಾಠವನ್ನು ಒಂದು ಕೈಯಲ್ಲಿಯೂ ತಮ್ಮ ಮನೆಯ ಹಿರಿಯರ ಮಾತನ್ನು ಇನ್ನೊಂದು ಕೈಯಲ್ಲಿಯೂ ಹಿಡಿದರೆ ಈ ಕೆಲಸವು ಅವರಿಂದಲೇ ಮೊದಲಾಗಬಹುದು.